ಗಿರಣಿ ಗುರುಸಂಗಪ್ಪ ಕತ್ತರಿಸಿದ ದಾರ

ಸೋಮವಾರ ಬೆಳಿಗ್ಗೆ ಕುಡಿತ ಬಿಡಲೆಂದು ನಮ್ಮೂರ ಅಜ್ಜಯ್ಯನ ಗದ್ದುಗೆಗೆ ಬಂದವರಿಗೆ ಗುರುಸಂಗಪ್ಪ ಈಗ ಮೊದಲು ಕೊಡುವುದು ಒಂದು ಹಿತ್ತಾಳೆ ಲೋಟ. ಅಂಚಿನವರೆಗೆ ನೀರು ತುಂಬಿ, "ಕೈ ಚಾಚಿ ಹಿಡಕೊ" ಎನ್ನುತ್ತಾನೆ. ತಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು ಆ ಲೋಟವನ್ನೇ ನೋಡುತ್ತಾನೆ. ನೀರು ಚೆಲ್ಲದಿದ್ದರೆ ಅವತ್ತೇ ದಾರ ಕಟ್ಟುತ್ತಾನೆ. ಚೆಲ್ಲಿದರೆ, "ನಿಂದು ಮೊದಲು ದವಾಖಾನಿ, ಆಮ್ಯಾಲೆ ಅಜ್ಜಯ್ಯ" ಎಂದು ಎಬ್ಬಿಸಿ ಕಳಿಸುತ್ತಾನೆ. ಹೊಸಬರು ಇದೂ ಒಂದು ಶಾಸ್ತ್ರವೆಂದುಕೊಂಡು ಚೆಲ್ಲಿದ ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಒತ್ತಿಕೊಳ್ಳಲಿ ಬಿಡಿ, ನಮ್ಮ ಗಂಟೇನೂ ಹೋಗುವುದಿಲ್ಲ. ಆದರೆ ಆ ಲೋಟ ಅಲ್ಲಿಗೆ ಬಂದದ್ದು ಒಬ್ಬ ಮನುಷ್ಯ ಸತ್ತ ಮೇಲೆ. ಆ ಸಾವಿನಲ್ಲಿ ಗುರುಸಂಗಪ್ಪನ ಪಾಲೂ ಇದೆ, ನನ್ನ ಪಾಲೂ ಇದೆ.

ನಾನು ಸುಕನ್ಯಾ. ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತೆರಡು ವರ್ಷ ನರ್ಸಾಗಿದ್ದು ಈಗ ಮನೆಯಲ್ಲಿದ್ದೇನೆ. ಗುರುಸಂಗಪ್ಪ ನಮ್ಮೂರ ಹಿಟ್ಟಿನ ಗಿರಣಿಯವನು. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ ನಮ್ಮೂರು. ಊರ ಲೆಕ್ಕದಲ್ಲಿ ಅವನು ನನಗೆ ಅಣ್ಣನಾಗಬೇಕು, ಅದಕ್ಕೇ ಈ ಏಕವಚನ. ವಯಸ್ಸು ಎಪ್ಪತ್ತರ ಹತ್ತಿರ. ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು, ಹಣೆಯ ಮೇಲೆ ವಿಭೂತಿ; ಎಲ್ಲಿ ಹಿಟ್ಟು ಮುಗಿದು ಎಲ್ಲಿ ವಿಭೂತಿ ಶುರುವಾಯಿತೆಂದು ಅವನ ಹೆಂಡತಿಗೂ ಗೊತ್ತಾಗುವುದಿಲ್ಲ. ಅಪ್ಪನ ಕಾಲದ ಆಯಿಲ್ ಇಂಜಿನ್ನಿನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಕಿವಿ ಅರ್ಧ ಹೋಗಿದೆ. ಹೀಗಾಗಿ ಅವನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ತನಗೆ ಸಕ್ಕರೆ ಕಾಯಿಲೆ ಬಂದಿದೆಯೆಂದು ನನಗೊಬ್ಬಳಿಗೇ ಗುಟ್ಟಾಗಿ ಹೇಳಲು ಬಂದವನು ಇಡೀ ಬಸ್‌ಸ್ಟ್ಯಾಂಡಿಗೆ ಹೇಳಿ ಹೋಗಿದ್ದ.

ಗದ್ದುಗೆಯ ಪೂಜೆ ಅವರ ಮನೆತನದ್ದು. ಕುಡಿತ ಬಿಡಿಸುವ ದಾರ ಕಟ್ಟುವುದೂ ಅಪ್ಪನಿಂದ ಬಂದದ್ದು. ಬಂದವನು ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಕೂರಬೇಕು. ತಂದ ಕೊನೆಯ ಮದ್ಯದ ಪಾಕೀಟನ್ನು ಬೇವಿನ ಬುಡಕ್ಕೆ ಸುರಿಯಬೇಕು. ಆಮೇಲೆ ಬಲ ಮುಂಗೈಗೆ ಕರಿ ದಾರ. ಆ ದಾರ ಸಾಯುವ ತನಕ ಬಿಚ್ಚುವಂತಿಲ್ಲ, ಮಣ್ಣಿಗೂ ಅದರ ಜೊತೆಗೇ ಹೋಗಬೇಕು. ಆಣೆ ಮುರಿದವನ ದಾರವನ್ನು ಮಾತ್ರ ಗದ್ದುಗೆಯ ಮುಂದೆ, ಜನರೆದುರಿಗೆ, ಕತ್ತರಿಯಿಂದ ಕತ್ತರಿಸುತ್ತಾರೆ. ಅದಕ್ಕಿಂತ ದೊಡ್ಡ ಮರ್ಯಾದೆಗೇಡು ಈ ಕಡೆಯ ಹಳ್ಳಿಗಳಲ್ಲಿ ಇನ್ನೊಂದಿಲ್ಲ.

ದಾರದಿಂದ ಬಿಟ್ಟವರಿದ್ದಾರೆ, ನಾನು ಸುಳ್ಳು ಹೇಳುವುದಿಲ್ಲ. ಸಂತೆಯ ದಿನ, ಹಬ್ಬದ ದಿನ, ಗೆಳೆಯರು ಸಿಕ್ಕ ದಿನ ಕುಡಿಯುವವರಿಗೆ ಊರ ಮುಂದೆ ಕೊಟ್ಟ ಮಾತು ಒಳ್ಳೆಯ ಮದ್ದೇ. ಅಂಥ ಮದ್ದು ನಮ್ಮ ಆಸ್ಪತ್ರೆಯ ಕಪಾಟಿನಲ್ಲಿ ಇರಲಿಲ್ಲ. ನನ್ನ ತಕರಾರು ಬೇರೆಯವರ ವಿಷಯದಲ್ಲಿತ್ತು, ಎದ್ದ ಕೂಡಲೇ ಕುಡಿಯುವವರ ವಿಷಯದಲ್ಲಿ. "ಅಣ್ಣಾ, ಎಲ್ಲಾ ಕುಡುಕರೂ ಒಂದ ಅಲ್ಲ" ಎಂದರೆ, "ದಾರಕ್ಕ ಎಲ್ಲಾರೂ ಒಂದ ತಂಗಿ" ಎಂದು ಗಿರಣಿಯ ಸದ್ದಿಗಿಂತ ಜೋರಾಗಿ ನಗುತ್ತಿದ್ದ. ನಾನು ಹಿಟ್ಟಿನ ಡಬ್ಬಿ ಎತ್ತಿಕೊಂಡು ಸಿಟ್ಟಿನಿಂದ ಮನೆಗೆ ಬರುತ್ತಿದ್ದೆ. ಕೂತು ಬಿಡಿಸಿ ಹೇಳಬೇಕೆಂದು ಒಂದು ದಿನವೂ ನನಗೆ ಅನ್ನಿಸಲಿಲ್ಲ.

ಆರು ವರ್ಷದ ಹಿಂದೆ ಹಲವಾಗಲಿನಿಂದ ಎರ್ರೆಪ್ಪ ಬಂದ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನು, ಮೀನು ಹಿಡಿಯುವವನು. ಹದಿನೆಂಟು ವರ್ಷದ ಕುಡಿತ. ಬೆಳಿಗ್ಗೆ ಒಂದು ಪಾಕೀಟು ಒಳಗೆ ಹೋಗುವ ತನಕ ಹುಟ್ಟು ಹಿಡಿಯುವ ಕೈ ನಿಲ್ಲುತ್ತಿರಲಿಲ್ಲ. ಮಗಳು ಶಾಂತಕುಮಾರಿ ಹತ್ತನೇ ತರಗತಿ ಪಾಸಾದಾಗ ಶಾಲೆಯಲ್ಲಿ ಏನೋ ಸನ್ಮಾನ ಇಟ್ಟುಕೊಂಡಿದ್ದರಂತೆ. "ಅಪ್ಪಾ, ನೀ ಬರಬ್ಯಾಡ" ಎಂದಳಂತೆ ಹುಡುಗಿ. ಅವನು ಹೋಗಲಿಲ್ಲ. ಮುಂದಿನ ಸೋಮವಾರ ಹೆಂಡತಿ ದ್ಯಾಮಕ್ಕನನ್ನು ಕರೆದುಕೊಂಡು ಗದ್ದುಗೆಗೆ ಬಂದು, ಪಾಕೀಟು ಸುರಿದು, ದಾರ ಕಟ್ಟಿಸಿಕೊಂಡು ಹೋದ.

ಮಂಗಳವಾರ ಮೈಯೆಲ್ಲ ನಡುಕ, ಬೆವರು, ವಾಂತಿ. ಬುಧವಾರ ಬೆಳಗಾಗುವಷ್ಟರಲ್ಲಿ ಅಂಗಿಯ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕುತ್ತಿದ್ದ. ಎಂದೋ ಸತ್ತ ಅಪ್ಪನನ್ನು ಕರೆದು ಹರಿಗೋಲು ದಡಕ್ಕೆ ತಾ ಎನ್ನುತ್ತಿದ್ದ. ಕದ್ದು ಕುಡಿದಿದ್ದಾನೆ, ಅಜ್ಜಯ್ಯ ಹಿಡಿದಿದ್ದಾನೆ ಎಂದು ಮನೆಮಂದಿ ತೀರ್ಮಾನ ಮಾಡಿದರು. ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು, ದಾರಿಯಲ್ಲಿ ಸಿಕ್ಕ ಎರಡು ಆಸ್ಪತ್ರೆ ದಾಟಿ, ತಪ್ಪೊಪ್ಪಿಸಲು ಗದ್ದುಗೆಗೇ ತಂದರು.

"ದಾರ ಮುಟ್ಟಿ ಹೇಳು ಎರ್ರೆಪ್ಪ, ಕುಡದಿಯೋ ಇಲ್ಲೋ?" ಎಂದು ಗುರುಸಂಗಪ್ಪ ಕೇಳಿದ.

"ಹುಟ್ಟು ಕೊಡು, ದಡ ಬಂತು" ಎಂದ ಎರ್ರೆಪ್ಪ.

"ಆಣಿ ಮುರದಾನ!" ಎಂದ ಗುರುಸಂಗಪ್ಪ. ಮೆಲ್ಲಗೆ ಹೇಳಲು ಬಾರದವನ ಬಾಯಲ್ಲಿ ಬಂದ ಆ ಮಾತು ಊರ ಮುಂದಿನ ಅಗಸಿಯ ತನಕ ಕೇಳಿಸಿತಂತೆ. ಕತ್ತರಿ ತಂದು ದಾರ ಕತ್ತರಿಸಿದ. ಸ್ವಲ್ಪ ಹೊತ್ತಿಗೆ ಎರ್ರೆಪ್ಪನ ಮೈ ಸೆಟೆದುಕೊಂಡಿತು, ಬಾಯಲ್ಲಿ ನೊರೆ ಬಂತು. ಅವಾಗ ಆಸ್ಪತ್ರೆಯ ನೆನಪಾಗಿ ಮತ್ತೆ ಆಟೋಕ್ಕೆ ಹಾಕಿದರು. ದಾರಿಯಲ್ಲೇ ಜೀವ ಹೋಯಿತು.

ಅವತ್ತು ಆ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವಳು ನಾನು. ಏನಾಗಿತ್ತೆಂದು ಕೇಳಿದೆ. ಕುಡಿತ ಬಿಟ್ಟು ಮೂರನೇ ದಿನ ಎಂದರು. ನನಗೆ ಅಲ್ಲೇ ಗೊತ್ತಾಯಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಎಲ್ಲಿ ಬಿಟ್ಟಿದ್ದ ಸಿಸ್ಟರ್, ಕದ್ದು ಕುಡದಾನ" ಎಂದರು. ದ್ಯಾಮಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅವನು ಕುಡಿದಿಲ್ಲ ಎಂದು ಆಕೆಗೆ ನಾನು ಒಂದೇ ಒಂದು ಮಾತು ಹೇಳಬೇಕಿತ್ತು. ಒಳಗೆ ಎರಡು ಹೆರಿಗೆ ಕಾಯುತ್ತಿದ್ದವು, ನಾನು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಹೆಣ ಒಯ್ದಿದ್ದರು. ಹೆರಿಗೆಯದು ನೆಪ. ಆಮೇಲೂ ಹೇಳಬಹುದಿತ್ತು, ಹಲವಾಗಲು ಏನು ದೂರವೇ? ಹೇಳದೆ ಉಳಿದದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಗುರುಸಂಗಪ್ಪನ ಮೇಲೆ ನಾನು ಹಾರಾಡುತ್ತಿದ್ದುದರಲ್ಲಿ ಅರ್ಧ ಸಿಟ್ಟು ನನ್ನ ಮೇಲಿನದೇ.

ಹೋದ ವರ್ಷ ಜೋಳ ಹಾಕಿಸಲು ಗಿರಣಿಗೆ ಹೋದವಳು ಹಾಗೇ ಗದ್ದುಗೆಗೆ ಕೈ ಮುಗಿದು ಬರೋಣವೆಂದು ಆ ಕಡೆ ನಡೆದೆ. ಬುಧವಾರವೇ ಆಗಬೇಕೆ! ಜಗಲಿಯ ಮೇಲೆ ಹಗರಿಬೊಮ್ಮನಹಳ್ಳಿ ಕಡೆಯ ನಾಗೇಂದ್ರಪ್ಪ ಎಂಬ ಟೇಲರ್ ಕೂತು ಅಂಗಿಯ ಮೇಲಿನ ಇರುವೆ ಹೆಕ್ಕುತ್ತಿದ್ದ. ಇರುವೆ ಇರಲಿಲ್ಲ. ಸೋಮವಾರ ದಾರ ಕಟ್ಟಿಸಿಕೊಂಡು, ಮನೆಗೆ ಹೋದರೆ ಆಸೆಯಾದೀತೆಂದು ಅಲ್ಲೇ ಉಳಿದಿದ್ದನಂತೆ. ಎದುರಿಗೆ ಗುರುಸಂಗಪ್ಪ ಕತ್ತರಿ ಹಿಡಿದು ನಿಂತಿದ್ದ. ನಾನು ಓಡಿಹೋಗಿ ಕತ್ತರಿ ಕಿತ್ತುಕೊಂಡೆ. ಹಿರಿಯರೊಬ್ಬರ ಕೈಯಿಂದ ಹಾಗೆ ಕಿತ್ತುಕೊಂಡದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ.

"ಕದ್ದು ಕುಡದಾನ ತಂಗಿ!"

"ಕುಡದಿದ್ರ ಹಿಂಗ ಆಕ್ಕಿದ್ದಿಲ್ಲ. ಕುಡೀಲಾರದ್ದಕ್ಕ ಹಿಂಗ ಆಗೈತಿ. ಗಾಡಿ ತರಸು ಮೊದಲು."

ಅವನಿಗೆ ಅರ್ಥವಾಗಲಿಲ್ಲ, ಆದರೆ ನನ್ನ ಮುಖ ನೋಡಿ ಹೆದರಿ ಗಾಡಿ ತರಿಸಿದ. ಆಸ್ಪತ್ರೆಗೆ ಮುಟ್ಟಿದ ಮೇಲೆ ನಾಗೇಂದ್ರಪ್ಪನಿಗೆ ಒಂದು ಸಲ ಫಿಟ್ಸ್ ಬಂತು. ಡಾಕ್ಟರ್ ಯಶೋಧರಾ ಅಲ್ಲೇ ಇದ್ದರು, ಸೂಜಿ ಹಾಕಿದರು, ಉಳಿದ. ಗುರುಸಂಗಪ್ಪ ಗಿರಣಿಗೆ ಬೀಗ ಹಾಕಿ ದಿನಾ ಅವನ ಮಂಚದ ಪಕ್ಕ ಬಂದು ಕೂರತೊಡಗಿದ. ನಾಲ್ಕನೆಯ ದಿನ ತಡೆಯಲಾರದೆ ಡಾಕ್ಟರನ್ನು ಕೇಳಿದ. ವಾರ್ಡಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. "ಕುಡದ್ರೂ ಕೆಡ್ತಾನ, ಬಿಟ್ರೂ ಸಾಯ್ತಾನ ಅಂದ್ರ ಇದೇನು ನ್ಯಾಯ ರೀ ಮೇಡಮ್ಮಾರ?"

ಯಶೋಧರಾ ವಯಸ್ಸಿನಲ್ಲಿ ಚಿಕ್ಕವರು, ಆದರೆ ತಾಳ್ಮೆ ದೊಡ್ಡದು. ಸ್ಟೂಲು ಎಳೆದುಕೊಂಡು ಕೂತು ಹೇಳಿದರು. ನಮ್ಮ ಮಿದುಳಿನಲ್ಲಿ ಎಚ್ಚರಿಸುವ ಸಂದೇಶಗಳೂ ಇವೆ, ಶಾಂತ ಮಾಡುವ ಸಂದೇಶಗಳೂ ಇವೆ. ಎರಡೂ ಸಮತೂಕದಲ್ಲಿರಬೇಕು. ಮದ್ಯ ಒಳಗೆ ಹೋದರೆ ಶಾಂತ ಮಾಡುವುದರ ಕೈ ಮೇಲಾಗುತ್ತದೆ. ಮೊದಲು ಮಂಕಾಗುವುದು ಹಣೆಯ ಹಿಂದಿನ ಭಾಗ, ಇದು ಸರಿ ಇದು ತಪ್ಪು ಎಂದು ತಡೆಯುವ ಜಾಗ. ಅದಕ್ಕೇ ಒಂದು ನೈಂಟಿ ಒಳಗೆ ಹೋದ ಮೇಲೆ ಮೂಕನೂ ಭಾಷಣ ಮಾಡುತ್ತಾನೆ. ಆಮೇಲೆ ತಲೆಯ ಹಿಂಭಾಗದ ಚಿಕ್ಕ ಮಿದುಳು; ನಡಿಗೆಯ ತೂಕ ಹಿಡಿಯುವುದು ಅದು, ಅದು ತಪ್ಪಿದರೆ ಕಾಲೂ ತೊದಲುತ್ತದೆ, ನಾಲಿಗೆಯೂ ತೊದಲುತ್ತದೆ. ಇನ್ನೂ ಹೆಚ್ಚಾದರೆ ನೆನಪು ಬರೆದಿಡುವ ಕೆಲಸ ನಿಂತುಹೋಗುತ್ತದೆ. ರಾತ್ರಿ ಜಗಳವಾಡಿದವನು ಬೆಳಿಗ್ಗೆ ನನಗೇನೂ ಗೊತ್ತಿಲ್ಲ ಅಂದರೆ ಅದು ಎಲ್ಲ ಸಲವೂ ನಾಟಕವಲ್ಲ, ಬರೆದೇ ಇಲ್ಲದ್ದನ್ನು ಓದುವುದು ಹೇಗೆ?

"ಇದು ಒಂದು ದಿನದ ಮಾತು. ದಿನಾ ಕುಡಿದರೆ ಮಿದುಳು ಸುಮ್ಮನೆ ಕೂರಲ್ಲ ಯಜಮಾನ್ರೆ. ಇವನು ಹೇಗಿದ್ದರೂ ನನ್ನನ್ನು ಕೆಳಗೆ ಅದುಮುತ್ತಾನೆ ಅಂತ, ತನ್ನ ಎಚ್ಚರಿಸುವ ಶಕ್ತಿಯನ್ನು ವರ್ಷ ವರ್ಷ ಏರಿಸಿಕೊಳ್ಳುತ್ತೆ. ಅದಕ್ಕೇ ಮೊದಲಿನಷ್ಟು ಕುಡಿದರೆ ಏರೋದಿಲ್ಲ. ಈಗ ಒಂದೇ ದಿನಕ್ಕೆ ಮದ್ಯ ತೆಗೆದುಬಿಟ್ಟರೆ..."

"ಬೆಲ್ಟ್ ಕಳಚಿದಂಗ!" ಎಂದು ಗುರುಸಂಗಪ್ಪ ಕೂಗಿದ. ಮಲಗಿದ್ದ ನಾಗೇಂದ್ರಪ್ಪ ಬೆಚ್ಚಿ ಎದ್ದ.

ಆಮೇಲೆ ಡಾಕ್ಟರಿಗೆ ಅವನೇ ಪಾಠ ಮಾಡಿದ. "ನಮ್ಮ ಅಪ್ಪನ ಇಂಜಿನ್ ಇತ್ರಿ. ವೇಗ ತಾನ ತಗ್ಗಿಸಿಕೊಳ್ಳೋ ಸಾಮಾನು ಸವದು ಹೋಗಿತ್ತು. ಕಲ್ಲಿಗೆ ಜೋಳ ಬಿತ್ತಂದ್ರ ಇಂಜಿನ್ ಜಗ್ಗತಿತ್ತು, ನಾನು ಕೈಲೆ ರೇಸ್ ಕೊಡತಿದ್ದೆ. ಎಷ್ಟು ಕಾಳು ಬಿದ್ರ ಅಷ್ಟು ರೇಸ್. ಒಂದು ದಿನ ತುಂಬಿದ ಕಲ್ಲು ತಿರಗೋ ಹೊತ್ತಿನ್ಯಾಗ ಬೆಲ್ಟ್ ಕಳಚಿತು. ಭಾರ ಇಲ್ಲ, ರೇಸ್ ಹಂಗ ಐತಿ! ಆ ಇಂಜಿನ್ ಚೀರಿದ್ದು ಮೂರು ಹೊಲದಾಚೆ ಕೇಳಿತ್ತು. ಬೋಲ್ಟ್ ಕಿತ್ತುಕೊಂಡು ಬುನಾದಿ ಬಿಟ್ಟು ಎದ್ದು ಕುಣೀತು. ಇವನ ತಲ್ಯಾಗೂ ಹಂಗ ಆತಲ್ರಿ?"

"ಹಂಗೇ ಆಯ್ತು" ಎಂದರು ಡಾಕ್ಟರ್. ಅವರ ಬಾಯಲ್ಲೂ ನಮ್ಮ ಕಡೆಯ ಮಾತು ಬಂದುಬಿಟ್ಟಿತು. ನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸ್, ಎಲ್ಲ ಆ ರೇಸೇ. ಮೂರು ನಾಲ್ಕು ದಿನ ಹೆಚ್ಚು ಅಪಾಯ. ಅದಕ್ಕೆ ಮಾತ್ರೆ ಕೊಟ್ಟು ಮಿದುಳನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಊಟ ಬಿಟ್ಟು ಕುಡಿದವರ ಮೈಯಲ್ಲಿ ಬಿ-ಒನ್ ಎಂಬ ಜೀವಸತ್ವ ಬತ್ತಿಹೋಗಿರುತ್ತದೆ, ಅದನ್ನೂ ಸೂಜಿಯಲ್ಲಿ ಕೊಡಬೇಕು, ಇಲ್ಲದಿದ್ದರೆ ನೆನಪು ಕಾಯಂ ಆಗಿ ಕೆಡಬಹುದು. ನಾಗೇಂದ್ರಪ್ಪ ಹೇಳಿದ್ದನ್ನೇ ಎರಡೆರಡು ಸಲ ಹೇಳುತ್ತಿದ್ದಾನೆ, ಕುಡಿಯದೆ ಒಂದು ವರ್ಷ ಕಳೆದರೆ ಬಹುಮಟ್ಟಿಗೆ ಸುಧಾರಿಸೀತು. ಎದ್ದ ಕೂಡಲೇ, ಕುಡಿಯುವ ಮೊದಲೇ ಕೈ ನಡುಗುವವನು ಮನೆಯಲ್ಲಿ ಒಮ್ಮೆಗೇ ಬಿಡಬಾರದು, ಆಸ್ಪತ್ರೆಗೆ ಬಂದು ಬಿಡಬೇಕು. ಇಷ್ಟು ಹೇಳಿ ಡಾಕ್ಟರ್ ಬೇರೆ ಮಂಚಕ್ಕೆ ಹೋದರು.

 ಗುರುಸಂಗಪ್ಪ ನನ್ನ ಕಡೆ ತಿರುಗಿ ಕೇಳಿದ: "ಹಂಗಾರ ಹಲವಾಗಲದ ಎರ್ರೆಪ್ಪ?"

ಹೇಳಲೇಬೇಕಾಯಿತು. "ಕುಡದಿದ್ದಿಲ್ಲಣ್ಣ."

"ನಿನಗ ಯಾವಾಗಿಂದ ಗೊತ್ತು?"

"ಅವತ್ತಿಂದ."

ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎದ್ದು ಹೋದ. ಆ ಮನುಷ್ಯ ಸದ್ದಿಲ್ಲದೆ ಹೋದದ್ದು ನಾನು ಕಂಡಿದ್ದು ಅದೇ ಮೊದಲು.

ಎರಡು ದಿನ ಬಿಟ್ಟು ನಮ್ಮ ಮನೆಯ ಬಾಗಿಲಿಗೆ ಬಂದ. ಹುಬ್ಬಿನ ಮೇಲೆ ಹಿಟ್ಟಿರಲಿಲ್ಲ, ಗುರುತೇ ಸಿಗಲಿಲ್ಲ ನನಗೆ. "ಹಲವಾಗಲಕ್ಕ ಹೋಗಬೇಕು, ನೀನೂ ಬಾ" ಎಂದ. ನಾನು ಹಿಂದೇಟು ಹಾಕಿದೆ. ಐದು ವರ್ಷದ ಮೇಲಾಯಿತು, ಹೇಗೋ ಬದುಕಿಕೊಂಡಿದ್ದಾಳೆ, ಆರಿದ ಗಾಯ ಯಾಕೆ ಕೆದಕುವುದು ಎಂದೆ. ನಿಜ ಹೇಳಬೇಕೆಂದರೆ ದ್ಯಾಮಕ್ಕನ ಕಣ್ಣು ಎದುರಿಸಲು ನನಗೆ ಭಯ.

"ಆರೈತಿ ಅಂತ ಯಾರು ಹೇಳಿದ್ರು ನಿನಗ?" ಎಂದು ಕೇಳಿದ. ಅವನು ಆಗಲೇ ವಿಚಾರಿಸಿಕೊಂಡು ಬಂದಿದ್ದ. ಶಾಂತಕುಮಾರಿಯನ್ನು ನೋಡಲು ಬಂದ ಎರಡು ಕಡೆಯವರು, ಅಜ್ಜಯ್ಯನ ಆಣೆ ಮುರಿದವನ ಮನೆ ಎಂದು ತಿರುಗಿ ಹೋಗಿದ್ದರು. ದ್ಯಾಮಕ್ಕ ಗಂಡನ ಫೋಟೋ ಗೋಡೆಯಿಂದ ತೆಗೆದಿದ್ದಳು; ಅವನ ಹೆಸರು ಎತ್ತಿದರೆ, ಮೋಸಗಾರ ಎಂದು ಎದ್ದು ಹೋಗುತ್ತಿದ್ದಳು. "ಸತ್ತವನಿಗೆ ಜೀವ ತಂದುಕೊಡಾಕ ನನ್ನಿಂದ ಆಗಲ್ಲ. ಅವನ ಹೆಸರಾದ್ರೂ ಕೊಟ್ಟು ಬರತೀನಿ" ಎಂದ ಗುರುಸಂಗಪ್ಪ. ನಾನು ಚಪ್ಪಲಿ ಹಾಕಿಕೊಂಡೆ.

ಹರಪನಹಳ್ಳಿಯಲ್ಲಿ ಬಸ್ ಬದಲಿಸಿ ಹಲವಾಗಲಿಗೆ ಮುಟ್ಟಿದಾಗ ಮಧ್ಯಾಹ್ನ. ಹೊಳೆಯ ಕಡೆಯ ಓಣಿಯಲ್ಲಿ ಮನೆ. ಬಾಗಿಲ ಪಕ್ಕ ಹರಿಗೋಲೊಂದು ಬೋರಲು ಬಿದ್ದಿತ್ತು, ಅದರ ಮೇಲೆ ಮೆಣಸಿನಕಾಯಿ ಒಣಗಲು ಹಾಕಿದ್ದರು. ಗುರುಸಂಗಪ್ಪನನ್ನು ಕಂಡ ಕೂಡಲೇ ದ್ಯಾಮಕ್ಕ ಸೆರಗು ಹೊದ್ದು ನಿಂತಳು. "ಮತ್ತೇನು ತಪ್ಪಾತ್ರಿ ನಮ್ಮಿಂದ?" ಎಂದಳು.

ಗುರುಸಂಗಪ್ಪ ಒಳಗೆ ಹೋಗಲಿಲ್ಲ. ಹೊಸ್ತಿಲ ಹೊರಗೇ ನಿಂತು ಕೈ ಮುಗಿದ.

"ಯವ್ವಾ, ನಿನ್ನ ಗಂಡ ಆಣಿ ಮುರೀಲಿಲ್ಲ. ಮೂರು ದಿನ ಹನಿ ಮುಟ್ಟಲಿಲ್ಲ. ಹದಿನೆಂಟು ವರ್ಷ ಕುಡದ ಮೈಯಿ, ಒಮ್ಮಿಗ್ಲೆ ಬಿಟ್ಟಿದ್ದಕ್ಕ ತಲ್ಯಾಗಿನ ಇಂಜಿನ್ ಹುಚ್ಚೆದ್ದು ಜೀವ ಹೋತು. ದವಾಖಾನಿಗೆ ಕಳಸಬೇಕಿತ್ತು, ನಾನು ದಾರ ಕತ್ತರಿಸಿದೆ. ತಪ್ಪು ನಂದು. ಅವ ಮಾತು ಉಳಿಸಿಕೊಂಡ ಸತ್ತಾನ."

ಇಂಥ ಮಾತನ್ನು ಬೇರೆ ಯಾರಾದರೂ ಪಿಸುಗುಟ್ಟುತ್ತಿದ್ದರು. ಇವನ ಗಂಟಲಿಗೆ ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು, ಕಟ್ಟೆಯ ಮೇಲೆ ಕೂತವರು ಎದ್ದು ಬಂದರು. ನಿಲ್ಲಿಸು ಎನ್ನಲು ನಾನು ಕೈ ಎತ್ತಿದೆ, ಎಲ್ಲರೂ ಕೇಳಲಿ ಎಂದು ಇಳಿಸಿದೆ. ಅವನು ಬಂದವರ ಕಡೆ ತಿರುಗಿ ಅದನ್ನೇ ಇನ್ನೊಂದು ಸಲ ಹೇಳಿದ. ಆಮೇಲೆ ನಾನೂ ಹೇಳಿದೆ, ನಾನು ಆಸ್ಪತ್ರೆಯ ಸಿಸ್ಟರ್, ಅವತ್ತೇ ನನಗೆ ಗೊತ್ತಿತ್ತು, ಹೇಳದೆ ತಪ್ಪು ಮಾಡಿದೆ ಎಂದು. ದನಿ ನನ್ನದೇ ಎಂದು ನನಗೇ ಅನ್ನಿಸಲಿಲ್ಲ. ದ್ಯಾಮಕ್ಕ ನನ್ನ ಮುಖ ನೋಡಿದಳು. ಗುರುತು ಸಿಕ್ಕಿತೋ ಇಲ್ಲವೋ ತಿಳಿಯದು.

ಆಕೆ ಅಳಲಿಲ್ಲ. ಒಳಗೆ ಹೋಗಿ ನೆಲದ ಮೇಲೆ ಕೂತಳು. ನಾವು ಹಿಂದೆ ಹೋದೆವು. ನೆಲದ ತುಂಬ ಅಲ್ಲಲ್ಲಿ ಬೇರೆ ಬಣ್ಣದ ಮಣ್ಣು ಮೆತ್ತಿದ ಗುರುತುಗಳಿದ್ದವು, ಒಲೆಯ ಪಕ್ಕ, ಕಂಬದ ಬುಡದಲ್ಲಿ, ಹೊಸ್ತಿಲ ಒಳಗೆ. ಆಕೆ ಅಂಗೈಯಿಂದ ಅವುಗಳಲ್ಲೊಂದನ್ನು ಸವರುತ್ತ ಹೇಳಿದಳು:

"ಮೂರು ದಿನಾನೂ ನಾನು ಬಾಗಲಿಗೆ ಅಡ್ಡ ಕುಂತಿದ್ನಿರಿ. ಹೊರಗ ಬಿಟ್ಟೇ ಇಲ್ಲ. ಆದ್ರೂ ಎಲ್ಲಾರೂ ಕುಡದಾನ ಅಂದ್ರು. ನೀವೂ ಅಂದ್ರಿ. ಹಂಗಾರ ಮನ್ಯಾಗ ಎಲ್ಲೋ ಹುಗದಿಟ್ಟಿದ್ದ ಅಂತ, ದಿನಕರ್ಮ ಮುಗದ ಮ್ಯಾಲೆ ಇಡೀ ಮನಿ ಅಗದೆ. ಒಂದು ಪಾಕೀಟು ಸಿಗಲಿಲ್ಲ. ಸಿಗಲಿಲ್ಲ ಅಂದ್ರ ಎಷ್ಟು ಕಳ್ಳ ಇರಬೇಕು ಅಂತ ಬೈದ್ನೇ ಹೊರತು, ಇರಲೇ ಇಲ್ಲ ಅಂತ ನನಗ ಹೊಳೀಲಿಲ್ಲಲ್ರೀ..."

 ನನ್ನ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

ಆಮೇಲೆ ದ್ಯಾಮಕ್ಕ ಎದ್ದು ಜೋಳದ ಚೀಲದ ಹಿಂದಿನಿಂದ ಫೋಟೋ ತೆಗೆದಳು. ಸೆರಗಿನಿಂದ ಧೂಳು ಒರೆಸಿದಳು. ಹರಿಗೋಲಿನಲ್ಲಿ ಹುಟ್ಟು ಹಿಡಿದು ನಿಂತ ಎರ್ರೆಪ್ಪ, ನಗುತ್ತಿದ್ದ. ಗುರುಸಂಗಪ್ಪ ಅಂಗಿಯ ಜೇಬಿನಿಂದ ಕರಿ ದಾರವೊಂದನ್ನು ತೆಗೆದು ಆಕೆಯ ಮುಂದೆ ಹಿಡಿದ. ಗದ್ದುಗೆಯ ಮೇಲಿಟ್ಟು ಪೂಜೆ ಮಾಡಿ ತಂದಿದ್ದ. "ಮಣ್ಣಿಗೆ ಇದರ ಜೋಡಿ ಹೋಗಬೇಕಿತ್ತವ್ವ ಅವ. ಇಟ್ಟುಕೊ" ಎಂದ.

ದ್ಯಾಮಕ್ಕ ಕೈ ಚಾಚಲಿಲ್ಲ. ಫೋಟೋವನ್ನು ಅವನ ಮುಂದೆ ಹಿಡಿದಳು.

"ನೀವ ಕತ್ತರಿಸಿದ್ರಿ. ನೀವ ಕಟ್ರಿ."

ಗುರುಸಂಗಪ್ಪ ನೆಲಕ್ಕೆ ಮಂಡಿಯೂರಿದ. ಗಂಟು ಎರಡು ಸಲ ತಪ್ಪಿತು. ಆಕೆ ಫೋಟೋ ಅಲ್ಲಾಡದಂತೆ ಹಿಡಿದುಕೊಂಡಿದ್ದಳು, ಅವನು ಕಟ್ಟಿ ಮುಗಿಸುವ ತನಕ.